ಹಲಸಿನ ಗಿಟಾರಿಗೆ ಹದ ಹಿಡಿಸಿದ್ದು

ತಂತಿ ಕಟ್ಟಿ ಮೊದಲ ಸಲ ಮೀಟಿದಾಗ ನಮ್ಮ ಗಿಟಾರು ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆ ಥರ ಜಿರ್ರ್ ಅಂತು. ಮಗಳು ನನ್ನ ಮುಖ ನೋಡಿದಳು. ನಾನು ಆಚಾರ್ರ ಮುಖ ನೋಡಿದೆ. ಆಚಾರ್ರು ಕವಳ ಉಗಿಯುವ ನೆಪದಲ್ಲಿ ಎದ್ದು ಅಂಗಳಕ್ಕೆ ಹೋದರು.

ಹಿನ್ನೆಲೆ ಚುಟುಕಾಗಿ ಹೇಳಿಬಿಡ್ತೀನಿ. ಸಾಗರದ ಪೇಟೆಯಲ್ಲಿ ನನ್ನದೊಂದು ಯುಪಿಎಸ್, ಇನ್ವರ್ಟರ್ ರಿಪೇರಿ ಅಂಗಡಿ ಇದೆ, ಇಪ್ಪತ್ತೆರಡು ವರ್ಷದಿಂದ. ಗಿಟಾರು ನುಡಿಸೋಕೆ ಬರಲ್ಲ. ಶ್ರುತಿ ತಪ್ಪಿದರೆ ಗೊತ್ತಾಗುತ್ತೆ, ಎಷ್ಟು ತಪ್ಪಿದೆ ಅಂತ ಹೇಳೋಕೆ ಆಗಲ್ಲ, ಅಷ್ಟರ ಮಟ್ಟಿನ ಕಿವಿ. ಮಗಳು ಎರಡನೇ ಪಿಯುಸಿ. ಅವಳ ಮಾವ ಬಿಟ್ಟುಹೋದ ಹಳೇ ಮರದ ಗಿಟಾರಲ್ಲಿ ಎರಡು ವರ್ಷದಿಂದ ಕಲೀತಿದ್ದಾಳೆ. ಕಳೆದ ದೀಪಾವಳಿ ಹೊತ್ತಿಗೆ ಎಲೆಕ್ಟ್ರಿಕ್ ಬೇಕು ಅಂದಳು. ಅದರೊಳಗೆ ಏನಿರುತ್ತೆ ಅಂತ ಮೊಬೈಲಲ್ಲಿ ಚಿತ್ರ ನೋಡಿದೆ. ಎರಡು ಕಾಯಿಲ್, ಎರಡು ಪಾಟ್ (ತಿರುಗಿಸುವ ಗುಂಡಿಯ ಕಂಟ್ರೋಲು), ಒಂದು ಸ್ವಿಚ್, ಒಂದು ಕೆಪಾಸಿಟರ್. ನನ್ನ ಅಂಗಡಿಯ ಕಸದ ಡಬ್ಬಿಯಲ್ಲೇ ಇದಕ್ಕಿಂತ ಜಾಸ್ತಿ ಸಾಮಾನು ಇರುತ್ತೆ. "ಇದನ್ನ ದುಡ್ಡು ಕೊಟ್ಟು ತರೋದಾ? ನಾವೇ ಮಾಡೋಣ" ಅಂದುಬಿಟ್ಟೆ.

ನನ್ನ ಧೈರ್ಯಕ್ಕೆ ಇನ್ನೊಂದು ಕಾರಣವೂ ಇತ್ತು. ಲಿಯೋ ಫೆಂಡರ್ ಕೂಡ ನನ್ನ ಥರದವನೇ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಓದಿದ್ದು ಲೆಕ್ಕಪತ್ರ, ಗಿಟಾರು ನುಡಿಸೋಕೆ ಬರುತ್ತಿರಲಿಲ್ಲ. ಅವನು 1950ರಲ್ಲಿ ಮಾರುಕಟ್ಟೆಗೆ ತಂದ, ಮರುವರ್ಷ ಟೆಲಿಕ್ಯಾಸ್ಟರ್ ಅಂತ ಹೆಸರಿಟ್ಟ ಗಿಟಾರು ನೋಡಿದರೆ ರಿಪೇರಿಯವನ ಬುದ್ಧಿ ಎದ್ದು ಕಾಣುತ್ತೆ. ಒಂದು ಚಪ್ಪಟೆ ಹಲಗೆ. ಅದಕ್ಕೆ ನೆಕ್ಕನ್ನು, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದ ಕೋಲನ್ನು, ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹೊಡೆದಿದ್ದಾನೆ. ಹಾಳಾದರೆ ಬಿಚ್ಚು, ಬೇರೆ ಹಾಕು. ಇಂಥವನ ಮೇಲೆ ನನಗೆ ತಕ್ಷಣ ಪ್ರೀತಿ ಹುಟ್ಟಿತು. ಅದೇ ಆಕಾರ ಅಂತ ತೀರ್ಮಾನ ಆಯ್ತು.

ಮರದ ಕೆಲಸ ನಮ್ಮ ಆಚಾರ್ರದ್ದು. ಗಂಧ ಕೆತ್ತುವ ಗುಡಿಗಾರರ ಊರು ನಮ್ಮದು, ನಿಜ, ಆದರೆ ಇವರು ಬಾಗಿಲು, ಕಿಟಕಿ, ಮಂಚದವರು. ಹಳೇ ಮನೆ ಕೆಡವಿದಾಗ ಎತ್ತಿಟ್ಟುಕೊಂಡಿದ್ದ ಅಟ್ಟದ ಹಲಸಿನ ಹಲಗೆ ಅವರ ಹತ್ತಿರ ಇತ್ತು. "ಹಸಿ ಮರ ಆದ್ರೆ ಆಡ್ತಾ ಇರುತ್ತೆ. ಇದು ನಲವತ್ತು ವರ್ಷ ಒಲೆ ಹೊಗೆ ಕುಡಿದಿದೆ, ಇನ್ನೇನೂ ಆಡಲ್ಲ" ಅಂದರು. ವೀಣೆಗೂ ಮೃದಂಗಕ್ಕೂ ಹಲಸೇ ಅಲ್ಲವಾ, ಗಿಟಾರಿಗೆ ಏನು ದೋಷ? ಎರಡು ಹಲಗೆ ಜೋಡಿಸಿ, 44 ಮಿ.ಮೀ. ದಪ್ಪಕ್ಕೆ ಗೀಸಿ, ಆಕಾರ ಕೊಯ್ದು, ಮೆಲಮೈನ್ ಪಾಲಿಶ್ ಹೊಡೆದಾಗ ಜೇನುತುಪ್ಪದ ಬಣ್ಣ ಬಂತು. ಮೆಲಮೈನ್ ಅನ್ನೋ ಶಬ್ದ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನೆಕ್ ಮಾತ್ರ ಆನ್‌ಲೈನಲ್ಲಿ ತರಿಸಿದೆ. ಅಷ್ಟು ಸೂಕ್ಷ್ಮದ ಕೆಲಸಕ್ಕೆ ಆಚಾರ್ರೂ ಒಪ್ಪಲಿಲ್ಲ, ನನಗೂ ಧೈರ್ಯ ಇರಲಿಲ್ಲ. ಮೇಪಲ್ ಮರದ ನೆಕ್, ಮೇಲೆ ಇಂಡಿಯನ್ ರೋಸ್‌ವುಡ್ಡಿನ ಫಿಂಗರ್‌ಬೋರ್ಡ್. ಆಚಾರ್ರು ಅದನ್ನು ಮೂಗಿನ ಹತ್ತಿರ ಹಿಡಿದು, ಉಗುರಲ್ಲಿ ಗೀರಿ, "ಇದು ಬೀಟೆ ಕಣ್ರೀ! ನಮ್ಮ ಕಾಡಿನ ಬೀಟೆನ ಪಾರ್ಸಲ್ಲಲ್ಲಿ ತರಿಸಿದ್ದೀರಿ" ಅಂತ ನಕ್ಕರು. ನಮ್ಮ ಕಾಡಿನದೋ ಬೇರೆ ಕಡೆಯದೋ ಯಾರಿಗೆ ಗೊತ್ತು. ಆದರೆ ಗಿಟಾರಿನವರಿಗೆ ಬೀಟೆ ಅಂದರೆ ಪ್ರಾಣ. 2017ರಲ್ಲಿ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರನ್ನು ಗಡಿ ದಾಟಿಸಿ ಮಾರೋದಕ್ಕೂ ಕಾಗದ ಪತ್ರ ಬೇಕಾಗಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಖರ್ಚಿನ ಲೆಕ್ಕ ಹೆಂಡತಿಗೆ ಹೇಳಿಲ್ಲ, ಆದ್ದರಿಂದ ಇಲ್ಲೂ ಬರೆಯಲ್ಲ.

ಮಗಳ ಪರೀಕ್ಷೆ ಮುಗಿಯೋವರೆಗೆ ತಂತಿ ಕಟ್ಟಕೂಡದು ಅಂತ ಮನೆಯಲ್ಲಿ ಆದೇಶ ಆಗಿತ್ತು. ಕಟ್ಟಿದ ದಿನವೇ ಆ ಜೀರುಂಡೆ. ಜೋಡಿಸಿದ್ದಕ್ಕೆ ಗಿಟಾರು ಆಗಿಬಿಡುತ್ತೆ ಅಂದುಕೊಂಡಿದ್ದು ನನ್ನ ತಪ್ಪು. ಹಿಟ್ಟು, ನೀರು, ಉಪ್ಪು ಎಲ್ಲ ಪಾತ್ರೆಯಲ್ಲಿ ಇದ್ದ ಮಾತ್ರಕ್ಕೆ ರೊಟ್ಟಿ ಆಗಲ್ಲ. ಅಲ್ಲಿಂದ ಮುಂದಿನ ಮೂರು ವಾರ, ಅಂಗಡಿ ಮುಚ್ಚಿ ಬಂದ ಮೇಲೆ ರಾತ್ರಿ ಊಟದ ಮೇಜಿನ ಮೇಲೆ ನಡೆದ ಕೆಲಸವೇ ಈ ಬರಹ.

ಮೊದಲು ನೆಕ್. 10ರಿಂದ 46ರ ತಂತಿ, ಅಂದರೆ ಇಂಚಿನ ಸಾವಿರದ ಲೆಕ್ಕದಲ್ಲಿ ಅತಿ ತೆಳುವಿನದು 10, ಅತಿ ದಪ್ಪದ್ದು 46. ಆರೂ ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 47 ಕಿಲೋ. ಒಂದು ಸಿಮೆಂಟ್ ಮೂಟೆಗೆ ಮೂರು ಕಿಲೋ ಕಡಿಮೆ. ಇಷ್ಟು ಭಾರ ಆ ಸಪೂರ ಕೋಲಿನ ಮೇಲೆ ಹಗಲೂ ರಾತ್ರಿ ಇರುತ್ತೆ. ಅದು ಬಿಲ್ಲಿನ ಹಾಗೆ ಬಾಗಿಬಿಡದಿರಲಿ ಅಂತ ಒಳಗೊಂದು ಉಕ್ಕಿನ ಸರಳು, ಟ್ರಸ್ ರಾಡ್. 1920ರ ದಶಕದಲ್ಲಿ ಗಿಬ್ಸನ್ ಕಂಪನಿಯವರು ಪೇಟೆಂಟ್ ಮಾಡಿಸಿದ ಉಪಾಯ. ಬಿಗಿ ಮಾಡಿದರೆ ನೆಕ್ಕನ್ನು ಹಿಂದಕ್ಕೆ ಎಳೆಯುತ್ತೆ, ಸಡಿಲ ಮಾಡಿದರೆ ತಂತಿಗಳು ಗೆದ್ದು ಮುಂದಕ್ಕೆ ಬಾಗಿಸುತ್ತವೆ.

ಪೂರ್ತಿ ನೇರ ಇದ್ದರೆ ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಮೀಟಿದ ತಂತಿ ನಡುವಿನಲ್ಲಿ ಅಗಲವಾಗಿ ಆಡುತ್ತೆ, ಅದಕ್ಕೆ ಜಾಗ ಬೇಕು. ಹಾಗಾಗಿ ನೆಕ್ಕಿಗೆ ಕೂದಲೆಳೆಯಷ್ಟು ಬಾಗು ಇರಬೇಕು. ಫ್ರೆಟ್ ಅಂದರೆ ನೆಕ್ಕಿನ ಮೇಲೆ ಅಡ್ಡ ಬಡಿದಿರುವ ಲೋಹದ ಪಟ್ಟಿ. ಮೊದಲ ಫ್ರೆಟ್ಟನ್ನೂ ನೆಕ್ಕು ಗಿಟಾರಿನ ಮೈಗೆ ಸೇರುವ ಕಡೆಯ ಫ್ರೆಟ್ಟನ್ನೂ ಒತ್ತಿ ಹಿಡಿದರೆ ತಂತಿಯೇ ನೇರ ಪಟ್ಟಿ ಆಗುತ್ತೆ. ಆಗ ಏಳನೇ ಫ್ರೆಟ್ಟಿನ ತಲೆಗೂ ತಂತಿಯ ಹೊಟ್ಟೆಗೂ ನಡುವೆ ಕಾಲು ಮಿಲಿಮೀಟರ್ ಸಂದು ಇರಬೇಕು. ಅದನ್ನು ಅಳೆಯೋದು ಹೇಗೆ? ಬೈಕ್ ಗ್ಯಾರೇಜಿನ ಹುಡುಗನ ಹತ್ತಿರ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇತ್ತು, 0.05ರಿಂದ 1 ಮಿ.ಮೀ.ವರೆಗಿನ ಉಕ್ಕಿನ ಎಲೆಗಳು. ಎರಡು ದಿನಕ್ಕೆ ಅಂತ ಕೇಳಿ ತಂದೆ. ಆಯಿಲ್ ವಾಸನೆ ಹೋಗೋಕೆ ಸೋಪಿನಲ್ಲಿ ತೊಳೆಯಬೇಕಾಯಿತು.

ಮಗಳು ಎರಡೂ ಕಡೆ ಒತ್ತಿ ಹಿಡಿದಳು, ನಾನು ಟಾರ್ಚ್ ಬಿಟ್ಟು ಎಲೆ ತೂರಿಸಿದೆ. 0.05 ಕೂಡ ಹೋಗಲಿಲ್ಲ. ತಂತಿ ಫ್ರೆಟ್ಟುಗಳ ಮೇಲೆ ಮಲಗಿಬಿಟ್ಟಿತ್ತು. ಕಳಿಸುವಾಗ ರಾಡ್ ಬಿಗಿ ಮಾಡಿಯೇ ಕಳಿಸಿದ್ದರು ಅಂತ ಕಾಣುತ್ತೆ, ನೆಕ್ಕು ಹಿಂದಕ್ಕೆ ಬಾಗಿತ್ತು. ಜೀರುಂಡೆ ಇದ್ದದ್ದು ಅಲ್ಲಿ. ಆ್ಯಲನ್ ಕೀ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ಒಳಗಿಂದ ಟಕ್ ಅಂತ ಸದ್ದು ಬಂತು. ನನ್ನ ಎದೆಯೂ ಟಕ್ ಅಂತು. ಏನೂ ಆಗಿರಲಿಲ್ಲ, ಕಚ್ಚಿಕೊಂಡಿದ್ದ ನಟ್ಟು ಬಿಟ್ಟುಕೊಂಡಿತ್ತು ಅಷ್ಟೇ. ಮತ್ತೆ ಶ್ರುತಿ ಮಾಡಿ ಅಳೆದರೆ 0.10. ಆ ರಾತ್ರಿ ಅಷ್ಟಕ್ಕೇ ಬಿಟ್ಟೆ, ಮರಕ್ಕೆ ಹೊಂದಿಕೊಳ್ಳೋಕೆ ಹೊತ್ತು ಬೇಕು. ಮರುದಿನ ಬೆಳಿಗ್ಗೆ ನಾನು ಮುಟ್ಟದೆ 0.15 ಆಗಿತ್ತು. ಇನ್ನೊಂದು ಕಾಲು ಸುತ್ತಿಗಿಂತ ಕಡಿಮೆಗೆ 0.25ಕ್ಕೆ ಬಂದು ನಿಂತಿತು. ಇದನ್ನು ಓದಿ ಯಾರಾದರೂ ಕೀ ಹಿಡಿಯೋದಾದರೆ ಒಂದೇ ಮಾತು: ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ, ಗಟ್ಟಿ ಅನ್ನಿಸಿದರೆ ಕೈ ತೆಗೆಯಿರಿ. ರಾಡ್ ಮುರಿದರೆ ನೆಕ್ಕನ್ನು ಕಟ್ಟಿಗೆ ಒಲೆಗೆ ಹಾಕಬೇಕಷ್ಟೇ.

ಜೀರುಂಡೆ ಸುಮಾರಾಗಿ ಹೋಯಿತು. ಆದರೆ ನಾಲ್ಕನೇ ತಂತಿಯಲ್ಲಿ (ಎಣಿಕೆ ತೆಳು ತಂತಿಯ ಕಡೆಯಿಂದ) ಹದಿಮೂರನೇ ಫ್ರೆಟ್ ಒತ್ತಿದರೂ ಹದಿನಾಲ್ಕು ಒತ್ತಿದರೂ ಒಂದೇ ಸ್ವರ. ನಾನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಕಡೆ), ಬಿರಡೆ ಅಂತ ಹುಡುಕುತ್ತಾ ಕೂತೆ. ಮಗಳು, "ಅಪ್ಪಾ, ಎರಡೂ ಒಂದೇ ಸ್ವರ ಅಂದ್ರೆ ತಂತಿ ಹದಿನಾಲ್ಕಕ್ಕೇ ತಾಗ್ತಿದೆ ಅಂತಲ್ವಾ?" ಅಂದಳು. ಹೌದಲ್ಲ! ಸ್ಟೀಲ್ ಸ್ಕೇಲಿನಲ್ಲಿ ಒಂದೂವರೆ ಇಂಚಿನ ತುಂಡು ಕತ್ತರಿಸಿ, ಮೂರು ಫ್ರೆಟ್ಟುಗಳ ಮೇಲೆ ಅಡ್ಡ ಇಟ್ಟರೆ, ನಡುವಿನದು ಎತ್ತರ ಇದ್ದರೆ ಸ್ಕೇಲು ಕಾಲು ಸರಿಯಿಲ್ಲದ ಸ್ಟೂಲಿನ ಹಾಗೆ ಟಕಟಕ ಆಡುತ್ತೆ. ಹದಿನಾಲ್ಕನೆಯದು ಆಡಿತು. ಆಚಾರ್ರು ಕಣ್ಣು ಕಿರಿದು ಮಾಡಿ ನೋಡಿ, ಆ ಫ್ರೆಟ್ಟಿನ ಒಂದು ಕಡೆ ಕಂಡಿಯಿಂದ ಎದ್ದಿರೋದನ್ನ ಹಿಡಿದರು. ಸುತ್ತ ಟೇಪ್ ಹಚ್ಚಿ, ಸೂಜಿ ಮೊನೆಯಷ್ಟು ಫೆವಿಕ್ವಿಕ್ ಬಿಟ್ಟು, ಮರದ ತುಂಡಿಟ್ಟು ಕೊಡತಿಯಲ್ಲಿ ಎರಡೇ ಏಟು. ಮೂರನೆಯದಕ್ಕೆ ಕೈ ಎತ್ತಿ, ಕಿವಿಯಲ್ಲಿ ಏನೋ ಕೇಳಿದವರ ಹಾಗೆ ಇಳಿಸಿಬಿಟ್ಟರು. "ಏಟಿನ ಸದ್ದು ಬದಲಾಯ್ತು, ಕೂತಿದೆ" ಅಂದರು. ಸ್ಕೇಲು ಇಟ್ಟರೆ ಆಡಲಿಲ್ಲ.

ಆಮೇಲೆ ನಟ್. ಬೋಲ್ಟಿಗೆ ಹಾಕುವ ನಟ್ಟಲ್ಲ ಇದು. ನೆಕ್ಕಿನ ತಲೆ ಹತ್ತಿರ, ತಂತಿಗಳು ಹಾದುಹೋಗುವ ಆರು ಗೀರಿನ ಸಣ್ಣ ದಂಡೆ. ನಮ್ಮದು ಮೂಳೆಯದ್ದು. ಇದರ ಗೀರುಗಳು ಎತ್ತರ ಇದ್ದರೆ ಒಂದು, ಎರಡನೇ ಫ್ರೆಟ್ ಒತ್ತುವಾಗ ತಂತಿ ಜಾಸ್ತಿ ಹಿಗ್ಗಿ ಸ್ವರ ಏರುತ್ತೆ. ಮಗಳು ಖಾಲಿ ತಂತಿಗಳಲ್ಲಿ ಶ್ರುತಿ ಸರಿ ಮಾಡಿ, ನಟ್ಟಿನ ಹತ್ತಿರದ ಎಫ್ ಕಾರ್ಡ್ ಹಿಡಿದರೆ ಮುಖ ಹುಳ್ಳಗೆ ಮಾಡುತ್ತಿದ್ದಳು. ಪರೀಕ್ಷೆ ಹೀಗೆ: ಮೂರನೇ ಫ್ರೆಟ್ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದಿದೆ ನೋಡಬೇಕು. ಬೆಳಕು ಕಂಡರೆ ಸಾಕು, ಅದಕ್ಕಿಂತ ಜಾಸ್ತಿ ಬೇಡ. ನಮ್ಮದರಲ್ಲಿ ಪೋಸ್ಟ್‌ಕಾರ್ಡ್ ಹೋಗುವಷ್ಟಿತ್ತು.

ಗೀರು ಆಳ ಮಾಡೋಕೆ ತಂತಿಯ ದಪ್ಪಕ್ಕೆ ತಕ್ಕ ಅರಗಳು ಬೇಕು, ಒಂದು ಸೆಟ್ಟಿನ ಬೆಲೆ ನೋಡಿ ಮೊಬೈಲ್ ಆಫ್ ಮಾಡಿದೆ. ಆಗ ನೆನಪಾಗಿದ್ದು ಗ್ಯಾಸ್ ವೆಲ್ಡಿಂಗಿನವರ ಟಿಪ್ ಕ್ಲೀನರ್. ಟಾರ್ಚಿನ ಬಾಯಿಯ ತೂತು ಕೆರೆಯೋಕೆ ಅವರು ಇಟ್ಟುಕೊಳ್ಳುವ, ಮೈಯೆಲ್ಲ ಗೀರಿರುವ ಸಣ್ಣ ತಂತಿಗಳ ಗೊಂಚಲು. ಬೇರೆ ಬೇರೆ ದಪ್ಪದವು ಒಂದೇ ಡಬ್ಬಿಯಲ್ಲಿ. ನೂರೈವತ್ತು ರೂಪಾಯಿ ಆಸುಪಾಸು. ತಲೆಯ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿದು, ಮೂರು ಸಲ ಉಜ್ಜು, ಮೂಳೆಯ ಪುಡಿ ಊದು, ತಂತಿ ಕೂರಿಸು, ಶ್ರುತಿ ಮಾಡು, ನೋಡು. ಮತ್ತೆ ತಂತಿ ಎತ್ತು, ಎರಡು ಸಲ ಉಜ್ಜು. ಉಜ್ಜುವಾಗ ಹಲ್ಲು ಡಾಕ್ಟರ ಕೋಣೆಯ ವಾಸನೆ ಬರುತ್ತೆ. ಐದು ತಂತಿ ಹೀಗೆ ಎರಡು ರಾತ್ರಿಯಲ್ಲಿ ಮುಗಿದವು. ಮೂರನೆಯ ತಂತಿಯ ಹೊತ್ತಿಗೆ ಕರೆಂಟ್ ಕಂಬದ ತಾಪತ್ರಯದವರೊಬ್ಬರು ಫೋನ್ ಮಾಡಿದರು. ಭುಜಕ್ಕೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾ ಉಜ್ಜಿದೆ. ಮಾತು ಮುಗಿದಾಗ ಗೀರು ಆಳವಾಗಿ, ಖಾಲಿ ತಂತಿ ಮೊದಲ ಫ್ರೆಟ್ಟಿಗೆ ಬಡಿದು ಜಿರ್ರ್.

ಇದಕ್ಕೆ ಮದ್ದು ಅಡುಗೆಮನೆಯಲ್ಲಿದೆ. ಅಡುಗೆ ಸೋಡಾ. ಗೀರಿಗೆ ಚಿಟಿಕೆಯ ಕಾಲು ಭಾಗ ಸೋಡಾ ತುಂಬಿ, ಅದರ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸಿಯಾಗಿ, ಸಣ್ಣ ಹೊಗೆ ಬಂದು, ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಮುಖ ಹತ್ತಿರ ಇಟ್ಟುಕೊಳ್ಳಬೇಡಿ, ಕಣ್ಣು ಉರಿಯುತ್ತೆ. ಆಮೇಲೆ ಹೊಸದಾಗಿ ಗೀರು ತೆಗೆಯಬಹುದು. "ಗೋಳಿಬಜೆಗೆ ಇಟ್ಟ ಸೋಡಾ" ಅಂತ ಹೆಂಡತಿ ಡಬ್ಬಿ ಕಿತ್ತುಕೊಂಡಳು, ಆದರೆ ಅಷ್ಟರಲ್ಲಿ ಕೆಲಸ ಆಗಿತ್ತು.

ಆ್ಯಕ್ಷನ್ ಅಂದರೆ ಫ್ರೆಟ್ಟಿನಿಂದ ತಂತಿ ಎಷ್ಟು ಎತ್ತರದಲ್ಲಿದೆ ಅನ್ನೋದು. ಇದರಲ್ಲಿ ಕಷ್ಟ ಇಲ್ಲ. ಬ್ರಿಡ್ಜಿನಲ್ಲಿ ಒಂದೊಂದು ತಂತಿಗೂ ಒಂದೊಂದು ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ತುಂಡು, ಅದಕ್ಕೆ ಎರಡು ಸಣ್ಣ ಸ್ಕ್ರೂ, ಏರಿಸಿ ಇಳಿಸಿದರಾಯಿತು. ಫೆಂಡರ್ ಕಂಪನಿಯ ಅಳತೆ ಹದಿನೇಳನೇ ಫ್ರೆಟ್ಟಿನ ಮೇಲೆ 1.6 ಮಿ.ಮೀ. ನಾನು ಆರೂ ತಂತಿಗೆ 1.6 ಅಂತ ಗೇಜು ಇಟ್ಟು ಕೂರಿಸಿದೆ, ಬಹಳ ಹೆಮ್ಮೆಯಿಂದ.

ಇಂಟೊನೇಷನ್ ಅನ್ನೋದು ನನಗೆ ನಿಜವಾಗಿ ಖುಷಿ ಕೊಟ್ಟ ಭಾಗ. ನಟ್ಟಿನಿಂದ ಸ್ಯಾಡಲ್‌ವರೆಗೆ 648 ಮಿ.ಮೀ. ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧ, 324ರಲ್ಲಿ, ಅಲ್ಲಿ ಒತ್ತಿದರೆ ಮೇಲಿನ ಷಡ್ಜ ಬರಬೇಕು. ಲೆಕ್ಕದಲ್ಲಿ ಬರುತ್ತೆ, ಗಿಟಾರಲ್ಲಿ ಬರಲ್ಲ. ಒತ್ತುವಾಗ ತಂತಿ ತುಸು ಹಿಗ್ಗುತ್ತೆ, ಸ್ವರ ಏರುತ್ತೆ. ದಪ್ಪ ತಂತಿ ಬಿರುಸು, ಅದು ಇನ್ನೂ ಜಾಸ್ತಿ ಏರುತ್ತೆ. ಅದನ್ನು ಸರಿದೂಗಿಸೋಕೆ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಬೇಕು. ಹನ್ನೆರಡರ ಮೇಲೆ ಬೆರಳು ಬರಿದೇ ತಾಗಿಸಿ ಮೀಟಿದ ಸ್ವರವನ್ನೂ, ಒತ್ತಿ ಮೀಟಿದ ಸ್ವರವನ್ನೂ ಮೊಬೈಲಿನ ಟ್ಯೂನರಲ್ಲಿ ಹೋಲಿಸಿದೆವು. ದಪ್ಪ ತಂತಿ 8 ಸೆಂಟ್ ಏರಿತ್ತು. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಕಾಗದದ ಮೇಲೆ ಗುಣಿಸಿ ನೋಡಿದೆ, ಒಂದು ಸೆಂಟಿಗೆ ಸುಮಾರು 0.37 ಮಿ.ಮೀ., ಹಾಗಾದರೆ 3 ಮಿ.ಮೀ. ಹಿಂದೆ. ಸರಿಸಿ ಮತ್ತೆ ಶ್ರುತಿ ಮಾಡಿ ನೋಡಿದರೆ ಮುಳ್ಳು ನಡುವೆ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕ ಮೊದಲ ಏಟಿಗೇ ಸರಿಬಂದದ್ದು ಬಹುಶಃ ಮೂರು ಸಲ.

ಆರೂ ಮುಗಿದ ಮೇಲೆ ಬ್ರಿಡ್ಜನ್ನು ಮೇಲಿಂದ ನೋಡಿದರೆ ಸ್ಯಾಡಲ್ಲುಗಳು ಮೆಟ್ಟಿಲಿನ ಹಾಗೆ ನಿಂತಿದ್ದವು. ದಪ್ಪ ತಂತಿಯದು ಎಲ್ಲಕ್ಕಿಂತ ಹಿಂದೆ, ಆಮೇಲಿನ ಎರಡು ಒಂದೊಂದು ಮೆಟ್ಟಿಲು ಮುಂದೆ. ಮೂರನೇ ತಂತಿ ಮತ್ತೆ ಹಿಂದಕ್ಕೆ ಜಿಗಿದು, ಅಲ್ಲಿಂದ ಕೊನೆಯ ಎರಡು ಪುನಃ ಮುಂದೆ. ತಪ್ಪಾಯಿತು ಅಂತ ಮೂರನೆಯದನ್ನು ಎರಡು ಸಲ ಅಳೆದೆ. ತಪ್ಪಿಲ್ಲ. ದಪ್ಪದ ಮೂರು ತಂತಿಗಳ ಒಳಗೆ ಸಪೂರದ ಎಳೆ, ಹೊರಗೆ ಸುತ್ತು. ಬಾಗೋಕೆ ಬಿರುಸು ಆಗೋದು ಒಳಗಿನ ಎಳೆ. ಮೂರನೆಯದು ಬರೀ ಉಕ್ಕು, ಪಕ್ಕದ ನಾಲ್ಕನೇ ತಂತಿಯ ಎಳೆಗಿಂತ ದಪ್ಪ. ಟ್ರಾನ್ಸ್‌ಫಾರ್ಮರ್ ಸುತ್ತಿದವನಿಗೆ ಇದು ತಕ್ಷಣ ಹೊಳೆಯಬೇಕಿತ್ತು.

ಮೈಸೂರಿನ ನಮ್ಮತ್ತೆ ನಲವತ್ತು ವರ್ಷದಿಂದ ವೀಣೆ ನುಡಿಸ್ತಾರೆ. ಫೋನಲ್ಲಿ ಇದನ್ನೆಲ್ಲ ಹೇಳಿದಾಗ, "ಹಾಗಾದ್ರೆ ನಿಮ್ಮದರಲ್ಲಿ ಮೇಳ ಕಟ್ಟೋದು ಎಲ್ಲಿ ಬಂತು?" ಅಂತ ಕೇಳಿದರು. ವೀಣೆಯಲ್ಲಿ ಜೇನುಮೇಣಕ್ಕೆ ಇದ್ದಿಲ ಪುಡಿ ಕಲೆಸಿ ಹಾಸಿ, ಇಪ್ಪತ್ನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ಕಿವಿಯಲ್ಲಿ ಕೇಳುತ್ತಾ ಕೂರಿಸ್ತಾರೆ. ಯಾವ ಸ್ವರ ತಪ್ಪಿದೆಯೋ ಅದರ ಮೆಟ್ಟಿಲನ್ನೇ ಸರಿಸಿದರಾಯಿತು. ಗಿಟಾರಲ್ಲಿ ಆ ಬಾಗಿಲು ಮುಚ್ಚಿದೆ. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋಗಿ, ಮೊದಲ ಫ್ರೆಟ್ 36.37 ಮಿ.ಮೀ.ಗೆ ಅಂತ ಶುರು ಮಾಡಿ, ಮರದಲ್ಲಿ ಕಂಡಿ ಕೊಯ್ದು ಬಡಿದುಬಿಟ್ಟಿರ್ತಾರೆ. ನಮ್ಮ ಕೈಯಲ್ಲಿ ಉಳಿದಿರೋದು ತಂತಿಯ ಎರಡು ತುದಿ ಮಾತ್ರ. "ಅಯ್ಯೋ, ಒಂದು ಸ್ವರ ಸರಿ ಮಾಡೋಕೆ ಎಲ್ಲಾ ಸ್ವರ ಅಲ್ಲಾಡಿಸಬೇಕಾ" ಅಂತ ಅತ್ತೆ ಮರುಗಿದರು. ಹೌದು, ಹಾಗೇ. ನೆಕ್ ಮುಟ್ಟಿದರೆ ಎತ್ತರ ಬದಲಾಗುತ್ತೆ, ಎತ್ತರ ಮುಟ್ಟಿದರೆ ಇಂಟೊನೇಷನ್. ಅದಕ್ಕೇ ಈ ಕೆಲಸಕ್ಕೆ ಒಂದು ಸರದಿ ಇದೆ, ಅದನ್ನು ತಪ್ಪಿಸಿದರೆ ತಿರುಗಿ ಮೊದಲಿಂದ.

ಪಿಕಪ್ಪು, ಅಂದರೆ ತಂತಿಯ ಆಟವನ್ನು ಕರೆಂಟಾಗಿಸುವ ಕಾಯಿಲು. ಅದರ ಎತ್ತರ ಬೇಗ ಮುಗೀತು. ಅದರಲ್ಲಿರೋದು ಅಯಸ್ಕಾಂತ. ತಂತಿಗೆ ಹತ್ತಿರ ತಂದಷ್ಟೂ ಸದ್ದು ಜೋರು, ತೀರಾ ಹತ್ತಿರ ಆದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ತೂರಾಡುತ್ತೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಯ ಕಡೆ 2.4, ತೆಳು ತಂತಿಯ ಕಡೆ 2 ಮಿ.ಮೀ. ಇಟ್ಟೆ.

ಇನ್ನು ಹಮ್ಮಿನ ವಿಷಯ. ಹಮ್ಮು ಅಂದರೆ ಎರಡೂ ಅರ್ಥದಲ್ಲಿ.

ಆ್ಯಂಪ್ಲಿಫೈಯರಿಗೆ ಜಾಕ್ ಚುಚ್ಚಿದ ಮೊದಲ ದಿನದಿಂದಲೂ ಗುಂಯ್ ಅನ್ನುತ್ತಿತ್ತು. ಇಂಥ ಒಂಟಿ ಕಾಯಿಲಿನ ಪಿಕಪ್ಪು ಅಂದರೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮನೆಯ ವೈರಿಂಗು, ಟ್ರಾನ್ಸ್‌ಫಾರ್ಮರು, ಟ್ಯೂಬ್‌ಲೈಟಿನ ಚೋಕು, ಎಲ್ಲದರ 50 ಹರ್ಟ್ಜ್ ಅದರೊಳಗೆ ಹೊಕ್ಕುತ್ತೆ. ಇದನ್ನು ತಪ್ಪಿಸೋಕೇ ಗಿಬ್ಸನ್‌ನಲ್ಲಿ ಸೆತ್ ಲವರ್ 1955ರಲ್ಲಿ ಎರಡು ಕಾಯಿಲನ್ನು ಎದುರು ಬದುರಾಗಿ ಸೇರಿಸಿ ಹಂಬಕರ್ ಮಾಡಿದ್ದು. ಆದ್ದರಿಂದ ಸ್ವಲ್ಪ ಗುಂಯ್ ಸಹಜ. ನಮ್ಮದು ಸ್ವಲ್ಪ ಆಗಿರಲಿಲ್ಲ. ಪಕ್ಕದ ಮನೆಯವರು ಅಕ್ಕಿ ಗಿರಣಿ ಹಾಕಿದಿರಾ ಅಂತ ಕೇಳುವಷ್ಟಿತ್ತು.

ಮಗಳು ಹೇಳಿದಳು, "ಅಪ್ಪಾ, ಬೇರೆಯವರ ಗಿಟಾರಲ್ಲಿ ತಂತಿ ಮುಟ್ಟಿದ ಕೂಡಲೇ ಕಡಿಮೆ ಆಗುತ್ತೆ, ನಮ್ಮದರಲ್ಲಿ ಆಗಲ್ಲ." ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ. ವೈರಿಂಗು ನಾನು ಮಾಡಿದ್ದು. ನನ್ನ ಬೆಸುಗೆ ತಪ್ಪಾಗುತ್ತಾ? ಪಿಕಪ್ಪಿನದ್ದೇ ದೋಷ ಅಂತ ಬಿಚ್ಚಿ ಅಳೆದೆ, ಎರಡೂ ಆರು ಕಿಲೋ ಓಮ್ ಮೇಲೆ, ಸರಿ ಇವೆ. 250ಕೆ ಪಾಟ್ ಬದಲಿಸಿದೆ. ಕುಳಿಯ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ ಬೆಸುಗೆ ಹಾಕಿದೆ. ಜಾಕ್ ಬದಲಿಸಿದೆ. ಎರಡು ರಾತ್ರಿ ಹೋಯಿತು, ಗಿರಣಿ ನಿಲ್ಲಲಿಲ್ಲ.

ಮೂರನೇ ರಾತ್ರಿ ಆಚಾರ್ರು ಬಂದರು. ಹಿಂದೊಮ್ಮೆ ಅವರ ಮನೆಯ ಮಿಕ್ಸಿ ಕೈಗೆ ಜುಂ ಅನ್ನುತ್ತೆ ಅಂದಾಗ ನಾನು ಹೇಳಿದ್ದ ಮಾತನ್ನೇ ನನಗೆ ಹೇಳಿದರು: "ಅಲ್ಲ ಮಾರಾಯ್ರೇ, ಮೊದಲು ಅರ್ತಿಂಗ್ ನೋಡಿ ಅಂತೀರಲ್ಲ ಎಲ್ಲರಿಗೂ. ಇದಕ್ಕೆ ನೋಡಿದ್ರಾ?"

ಮೀಟರಿನ ಒಂದು ಮೊನೆ ತಂತಿಗೆ, ಇನ್ನೊಂದು ಜಾಕಿನ ಮೈಗೆ. ಬೀಪ್ ಬರಬೇಕು. ಬರಲಿಲ್ಲ. ಬ್ರಿಡ್ಜಿಗೆ ಇಟ್ಟೆ. ಇಲ್ಲ. ಆದರೆ ಬ್ರಿಡ್ಜಿನ ಅಡಿಗೆ ನಾನೇ ಅರ್ತ್ ವೈರು ಎಳೆದಿದ್ದೆ! ಪಾಟಿನ ಬೆನ್ನಿಗೆ ಬೆಸುಗೆ ಹಾಕಿ, ತೂತಿನಿಂದ ಹೊರಗೆ ತಂದು, ತುದಿಯ ಸಿಪ್ಪೆ ಸುಲಿದು, ಎಳೆಗಳನ್ನು ಬೀಸಣಿಗೆ ಥರ ಹರಡಿ, ಮರಕ್ಕೆ ಒತ್ತಿ ಇಟ್ಟಿದ್ದೆ, ಬ್ರಿಡ್ಜ್ ಮೇಲೆ ಕೂತರೆ ತಾನಾಗೇ ತಾಗಲಿ ಅಂತ. ಆರೂ ತಂತಿ ಮತ್ತೆ ಸಡಿಲಿಸಿ, ಸ್ಕ್ರೂ ಬಿಚ್ಚಿ, ಬ್ರಿಡ್ಜ್ ಎತ್ತಿದೆವು. ವೈರು ಅಲ್ಲೇ ಇತ್ತು. ಬೀಸಣಿಗೆ ಹರಡಿದ ಹಾಗೇ ಇತ್ತು. ಅದರ ಮೇಲೆ ಗಾಜಿನ ಹಾಗೆ ಹೊಳೆಯುವ ಜೇನಿನ ಬಣ್ಣದ ಪದರ. ಮೆಲಮೈನ್. ಗಾಜುಪೆಟ್ಟಿಗೆಯಲ್ಲಿಟ್ಟ ಚಿಟ್ಟೆ ಥರ ನನ್ನ ತಾಮ್ರದ ಎಳೆಗಳು ಅದರೊಳಗೆ ಚೆಂದವಾಗಿ ಮಲಗಿದ್ದವು.

ನಾನು ಬಾಯಿ ತೆಗೆಯೋ ಮೊದಲೇ ಆಚಾರ್ರು, "ವೈರ್ ಎಳೆದ ಮೇಲೆ ಇನ್ನೊಂದು ಕೋಟ್ ಹೊಡೀಲಾ ಅಂತ ನಾನು ಕೇಳಿದ್ದೆ. ನೀವು ಹೂಂ ಹೊಡೀರಿ ಅಂದಿದ್ರಿ" ಅಂದರು. ಅಂದಿದ್ದೆ. ಬ್ಲೇಡಿನಲ್ಲಿ ಕೆರೆದು, ಮೇಲೆ ತಾಮ್ರದ ಟೇಪ್ ಮಡಚಿ ಅಂಟಿಸಿ, ಬ್ರಿಡ್ಜ್ ಕೂರಿಸಿದರೆ ಬೀಪ್. ಮಗಳು ತಂತಿಯ ಮೇಲೆ ಕೈ ಇಟ್ಟಳು, ಗಿರಣಿ ನಿಂತಿತು. ಆ ಮೌನದಲ್ಲಿ ಆಚಾರ್ರ ಬಾಯಿಯ ಕವಳದ ಸದ್ದು ಕೂಡ ಕೇಳಿಸಿತು.

ಇಲ್ಲಿ ಒಂದು ಮಾತು, ರಿಪೇರಿಯವನಾಗಿ. ತಂತಿಗಳು ಆ್ಯಂಪಿನ ಅರ್ತಿಗೆ ಸೇರಿರುತ್ತವೆ ಅಂದರೆ, ಆ್ಯಂಪಲ್ಲಿ ಲೀಕೇಜ್ ಇದ್ದು ಗೋಡೆಯ ಮೂರನೇ ಪಿನ್ ಸತ್ತಿದ್ದರೆ ಕರೆಂಟು ಬರೋದು ನುಡಿಸುವವರ ಬೆರಳಿಗೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಸಲ ಬರೀ ಅಲಂಕಾರ. ಗಿಟಾರು ಚುಚ್ಚುವ ಮೊದಲು ಅದನ್ನು ಪರೀಕ್ಷೆ ಮಾಡಿಸಿ.

ಇನ್ನೊಂದು ತಮಾಷೆ. ಕರೆಂಟು ಹೋಗಿ ಇನ್ವರ್ಟರಿಗೆ ಬಿದ್ದ ಕೂಡಲೇ ಗಿಟಾರು ಗರ್ರ್ ಅನ್ನೋಕೆ ಶುರು. ನಮ್ಮ ಮನೆಯದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಚೌಕದ ಅಲೆಯಲ್ಲಿ 50 ಹರ್ಟ್ಜ್ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಎಲ್ಲ ಬರುತ್ತೆ, ಪಿಕಪ್ಪಿಗೆ ಅದು ಹಬ್ಬದೂಟ. ಊರಿಗೆಲ್ಲ ಸೈನ್ ವೇವ್ ಹಾಕಿಸಿಕೊಳ್ಳಿ ಅಂತ ಹೇಳುವವನ ಮನೆಯಲ್ಲಿ ಇದು. ಮಗಳು ಅದನ್ನು ನೆಂಟರ ಮುಂದೆಲ್ಲ ಹೇಳಿದ ಮೇಲೆ ಬದಲಿಸಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ಬಟ್ಟೆ ಒಣಗಲ್ಲ, ಬಾಗಿಲು ಉಬ್ಬಿ ಹಾಕಿಕೊಳ್ಳಲ್ಲ, ಗಿಟಾರಿಗೆ ಏನಾಗಿದೆಯೋ ಅಂತ ಒಂದು ರಾತ್ರಿ ಗೇಜು ತೆಗೆದು ಕೂತೆ. ಎರಡು ದಿನಕ್ಕೆ ತಂದ ಗೇಜು ಎರಡು ತಿಂಗಳಿಂದ ನಮ್ಮನೆಯಲ್ಲೇ ಇತ್ತು. ನೆಕ್ಕಿನ ಬಾಗು ಸ್ವಲ್ಪ ಬದಲಾಗಿತ್ತು, ತೊಂದರೆ ಇಲ್ಲ. ಹದಿನೇಳನೇ ಫ್ರೆಟ್ಟಿನ ಮೇಲೆ ಇಟ್ಟೆ. ನನ್ನ 1.6 ಇರಲಿಲ್ಲ, ತೆಳು ತಂತಿಗಳ ಕಡೆ 2 ಇತ್ತು. ಮಳೆಗೆ ಇಷ್ಟು ಬದಲಾಗಲ್ಲ. ಸ್ಯಾಡಲ್ಲಿನ ಸ್ಕ್ರೂ ನೋಡಿದರೆ ಯಾರೋ ತಿರುಗಿಸಿದ ಹೊಸ ಗೀರು.

"ನಾನೇ" ಅಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ. "ತಂತಿ ಎಳೆದು ಬಗ್ಗಿಸಿದ್ರೆ ಮಧ್ಯದಲ್ಲೇ ಸತ್ತುಹೋಗ್ತಿತ್ತು ಅಪ್ಪಾ. ಬೋರ್ಡು ಗುಂಡಗಿದೆಯಲ್ಲ, ತಂತಿ ಪಕ್ಕಕ್ಕೆ ಎಳೆದಾಗ ಉಬ್ಬಿದ ಕಡೆ ತಾಗುತ್ತೆ. ಏರಿಸಿದೆ. ಇಂಟೊನೇಷನ್ನೂ ನೋಡಿಕೊಂಡೆ." ಆ್ಯಲನ್ ಕೀ ಅವಳ ಜಾಮಿಟ್ರಿ ಬಾಕ್ಸಲ್ಲಿತ್ತು, ಕೈವಾರದ ಪಕ್ಕ.

ಮರುದಿನ ಗೇಜನ್ನು ಗ್ಯಾರೇಜಿಗೆ ವಾಪಸ್ ಕೊಟ್ಟೆ. ಹುಡುಗ ಎಲೆಗಳನ್ನು ಬಿಚ್ಚಿ ನೋಡಿ, "ಏನ್ ಸಾರ್, ಫಳಫಳ ಅಂತಿದೆ, ಯಾವ ಗಾಡಿಗೆ ಹಾಕಿದ್ರಿ?" ಅಂದ.